ದಿನಸಿಗೆ ಶೇ. 5 ಕೊಡುವ ಎರಡನೇ ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳಬೇಕೇ?

ದಿನಸಿ, ಇಂಧನ, ಬಿಲ್ಲುಗಳು, ಆನ್‌ಲೈನ್ ಖರೀದಿ ಸೇರಿ ತಿಂಗಳಿಗೆ 30,000 ಖರ್ಚು, ಅದರಲ್ಲಿ ದಿನಸಿಯೇ 10,000. ಈಗಿರುವುದು ಎಲ್ಲದಕ್ಕೂ ಶೇ. 1.5 ಕ್ಯಾಶ್‌ಬ್ಯಾಕ್ ಕೊಡುವ, ಶುಲ್ಕವಿಲ್ಲದ ಒಂದೇ ಕಾರ್ಡ್ ಅಂತ ಬರೆದಿದ್ದೀರಿ. ದಿನಸಿಗೆ ಶೇ. 5 ಕೊಡುವ ಇನ್ನೊಂದನ್ನು ತೆಗೆದುಕೊಂಡರೆ ಲಾಭವೇ ಎಂಬುದು ಪ್ರಶ್ನೆ. ಲಾಭವಿದೆ, ಆದರೆ ಜಾಹೀರಾತು ಹೇಳುವಷ್ಟಲ್ಲ. ಈಗಿನ ಕಾರ್ಡಿಗಿಂತ ಹೊಸದು ಎಷ್ಟು ಹೆಚ್ಚು ಕೊಡುತ್ತದೆ, ಎಷ್ಟು ಮೊತ್ತದವರೆಗೆ ಕೊಡುತ್ತದೆ, ಇವೆರಡನ್ನೇ ನೋಡಿ.

ಅದಕ್ಕೂ ಮೊದಲು ಒಂದು ಮಾತು. ತಿಂಗಳು ತಿಂಗಳು ಪೂರ್ತಿ ಬಾಕಿ ಕಟ್ಟುವವರಿಗಷ್ಟೇ ಈ ಲೆಕ್ಕವೆಲ್ಲ. ತಿಂಗಳಿಗೆ ಶೇ. 3 ಬಡ್ಡಿಯ ಕಾರ್ಡಿನಲ್ಲಿ 10,000 ಬಾಕಿ ಉಳಿದರೆ 300 ಹೋಯಿತು. ಸಾಲದ್ದಕ್ಕೆ, ಬಾಕಿ ಉಳಿಸಿಕೊಂಡರೆ ಸಾಮಾನ್ಯವಾಗಿ ಬಡ್ಡಿಯಿಲ್ಲದ ಅವಧಿಯೇ ತಪ್ಪಿಹೋಗಿ, ಹೊಸ ಖರೀದಿಗೂ ಅಂದಿನಿಂದಲೇ ಬಡ್ಡಿ ಶುರುವಾಗುತ್ತದೆ. ಆಟೋ ಪೇ ಹಾಕಿದ್ದರೆ ಅದು ‘ಕನಿಷ್ಠ ಮೊತ್ತ’ಕ್ಕೋ ‘ಒಟ್ಟು ಬಾಕಿ’ಗೋ ಅಂತ ಇವತ್ತೇ ತೆಗೆದು ನೋಡಿ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಗಬಾರದು.

ಈಗ ಲೆಕ್ಕ. ಹೊಸ ಕಾರ್ಡಿಗೆ ವರ್ಷಕ್ಕೆ 1,000 ಶುಲ್ಕ, ತಿಂಗಳಿಗೆ 300ಕ್ಕಿಂತ ಹೆಚ್ಚು ಕ್ಯಾಶ್‌ಬ್ಯಾಕ್ ಇಲ್ಲ ಅಂದುಕೊಳ್ಳೋಣ. ಶೇ. 5ರ ದರದಲ್ಲಿ 300 ಬರಬೇಕಾದರೆ 6,000 ಖರ್ಚು ಸಾಕು. ಅದೇ 6,000ಕ್ಕೆ ಹಳೆಯ ಕಾರ್ಡ್ 90 ಕೊಡುತ್ತಿತ್ತು. ಹಾಗಾಗಿ ಹೊಸ ಕಾರ್ಡಿನಿಂದ ನಿಜಕ್ಕೂ ಬಂದದ್ದು 210, ವರ್ಷಕ್ಕೆ 2,520, ಶುಲ್ಕ ಕಳೆದರೆ 1,520. ಉಳಿದ 4,000ದ ದಿನಸಿ ಹಳೆಯ ಕಾರ್ಡಿಗೇ ಹೋಗಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಮಿತಿ ಮುಗಿದ ಮೇಲೂ ಹೊಸದನ್ನೇ ಉಜ್ಜುತ್ತಾ ಹೋದರೆ, ಮಿತಿಯಾಚೆ ಏನೂ ಕೊಡದ ಕಾರ್ಡಿನಲ್ಲಿ ತಿಂಗಳಿಗೆ 60, ಅಂದರೆ ವರ್ಷಕ್ಕೆ 720 ಕೈತಪ್ಪುತ್ತದೆ. 1,520 ಇದ್ದ ಲಾಭ 800ಕ್ಕೆ ಇಳಿಯಿತು.

ಶುಲ್ಕ ಎಷ್ಟು ಖರ್ಚಿಗೆ ಗಿಟ್ಟುತ್ತದೆ ಅಂತ ನೋಡುವುದೂ ಸುಲಭ. ಶುಲ್ಕವನ್ನು ಎರಡು ದರಗಳ ವ್ಯತ್ಯಾಸದಿಂದ ಭಾಗಿಸಿ. ಇಲ್ಲಿ 1,000ವನ್ನು ಶೇ. 3.5ರಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು 28,600, ತಿಂಗಳಿಗೆ ಸುಮಾರು 2,400. ದಿನಸಿ ಅದಕ್ಕಿಂತ ಕಡಿಮೆಯಿದ್ದವರಿಗೆ ಈ ಕಾರ್ಡ್ ಬೇಡವೇ ಬೇಡ. ಶುಲ್ಕದ ಮೇಲೆ ತೆರಿಗೆಯಿದ್ದರೆ ಅದನ್ನೂ ಸೇರಿಸಿಕೊಳ್ಳಿ.

ಕ್ಯಾಶ್‌ಬ್ಯಾಕ್ ಬದಲು ಪಾಯಿಂಟ್ ಕೊಡುವ ಕಾರ್ಡಾದರೆ ಇನ್ನೂ ಎಚ್ಚರ ಬೇಕು. ‘ಪ್ರತಿ 150ಕ್ಕೆ 6 ಪಾಯಿಂಟ್’ ಅಂದರೆ ಕೇಳಲು ಚೆಂದ. ಒಂದು ಪಾಯಿಂಟಿಗೆ 0.25 ಬೆಲೆಯಾದರೆ ಅದು ಬರೀ ಶೇ. 1. ಬಿಲ್ಲಿಗೆ ಬಿಲ್ಲೇ ಲೆಕ್ಕ ಹಾಕುವ ಕಾರ್ಡಿನಲ್ಲಿ 140ರ ಬಿಲ್ಲಿಗೆ ಸೊನ್ನೆ. 290ರ ಬಿಲ್ಲಿಗೂ ಒಂದೇ ಸಲ 6 ಪಾಯಿಂಟ್, ಅಂದರೆ ಸುಮಾರು ಶೇ. 0.5. ಸಣ್ಣ ಸಣ್ಣ ಬಿಲ್ ಮಾಡುವವರಿಗೆ ಇಂಥ ಕಾರ್ಡ್ ಕೈಕೊಡುತ್ತದೆ. ಇನ್ನು ಪಾಯಿಂಟಿನ ಬೆಲೆ ಅದನ್ನು ಎಲ್ಲಿ ಬಳಸುತ್ತೀರಿ ಎಂಬುದರ ಮೇಲೆ ನಿಂತಿದೆ. ವಿಮಾನ ಕಂಪನಿಯ ಮೈಲುಗಳಾಗಿ ಬದಲಿಸಿದರೆ ಹೆಚ್ಚು, ಬಿಲ್ಲಿಗೆ ಜಮಾ ಮಾಡಿಕೊಂಡರೆ ಕಡಿಮೆ ಅನ್ನುವುದು ಸಾಮಾನ್ಯ. ನೀವು ವಿಮಾನ ಹತ್ತುವುದೇ ಅಪರೂಪವಾದರೆ ಆ ಹೆಚ್ಚಿನ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ರಿಡೀಮ್ ಮಾಡಲು ಶುಲ್ಕವಿದೆಯೇ, ಪಾಯಿಂಟ್ ಎಷ್ಟು ದಿನಕ್ಕೆ ಸಾಯುತ್ತದೆ ಅಂತಲೂ ನೋಡಿ.

ಅಂಗಡಿ ಯಾವ ವರ್ಗಕ್ಕೆ ಸೇರಿದ್ದು ಎಂದು ಬ್ಯಾಂಕಿಗೆ ಗೊತ್ತಾಗುವುದು ನಾಲ್ಕಂಕಿಯ ಮರ್ಚೆಂಟ್ ಕೋಡ್‌ನಿಂದ. ದಿನಸಿ ಅಂಗಡಿ, ಸೂಪರ್ ಮಾರ್ಕೆಟ್‌ಗೆ 5411, ಡಿಪಾರ್ಟ್‌ಮೆಂಟ್ ಸ್ಟೋರಿಗೆ 5311, ರೆಸ್ಟೋರೆಂಟಿಗೆ 5812, ವಿದ್ಯುತ್ ನೀರಿನಂಥ ಬಿಲ್ಲುಗಳಿಗೆ 4900. ನೀವು ಕೊಂಡದ್ದು ಅಕ್ಕಿಯೇ ಆಗಿರಲಿ, ಅಂಗಡಿಯ ಸ್ವೈಪ್ ಯಂತ್ರ 5311ರಲ್ಲಿ ನೋಂದಣಿಯಾಗಿದ್ದರೆ ಅದು ದಿನಸಿಯಲ್ಲ. ಒಂದೇ ಅಂಗಡಿಯಲ್ಲಿ ಎರಡು ಬ್ಯಾಂಕುಗಳ ಸ್ವೈಪ್ ಯಂತ್ರಗಳಿದ್ದರೆ ಎರಡಕ್ಕೂ ಬೇರೆ ಕೋಡ್ ಇರಬಹುದು. ವ್ಯಾಲೆಟ್‌ಗೆ ಹಣ ತುಂಬಿ ಅದರಿಂದ ಕೊಟ್ಟರಂತೂ ಬ್ಯಾಂಕಿಗೆ ಕಾಣುವುದು ವ್ಯಾಲೆಟ್ ಮಾತ್ರ, ಬಹುತೇಕ ಕಾರ್ಡುಗಳು ಅದಕ್ಕೆ ಏನೂ ಕೊಡುವುದಿಲ್ಲ. ಅಂಗಡಿಯವರನ್ನು ಕೇಳಿದರೆ ಅವರಿಗೂ ತಿಳಿದಿರುವುದಿಲ್ಲ. ಒಂದು ಸಣ್ಣ ಬಿಲ್ ಮಾಡಿ, ವಹಿವಾಟು ‘ಪೆಂಡಿಂಗ್’ನಿಂದ ದಾಟಿ ಖಾತೆಗೆ ಬಿದ್ದ ಮೇಲೆ ಎಷ್ಟು ಜಮೆಯಾಯಿತು ಅಂತ ನೋಡುವುದೇ ಖಚಿತವಾದ ದಾರಿ. ತಿಂಗಳ ದೊಡ್ಡ ಖರೀದಿಗೆ ಮುಂಚೆ ಇದನ್ನು ಮಾಡಿಕೊಳ್ಳಿ.

ಇಂಧನ, ಬಿಲ್, ಬಾಡಿಗೆ, ಸರ್ಕಾರಿ ಪಾವತಿಗಳನ್ನು ಎಷ್ಟೋ ಕಾರ್ಡುಗಳು ಹೊರಗಿಡುವುದಕ್ಕೆ ಕಾರಣವಿದೆ. ರಿವಾರ್ಡಿನ ಹಣದ ದೊಡ್ಡ ಪಾಲು ಬರುವುದು ಪ್ರತಿ ವಹಿವಾಟಿನಲ್ಲಿ ಅಂಗಡಿಯ ಕಡೆಯಿಂದ ಕಾರ್ಡ್ ಕೊಟ್ಟ ಬ್ಯಾಂಕಿಗೆ ಸೇರುವ ಇಂಟರ್‌ಚೇಂಜ್ ಶುಲ್ಕದಿಂದ. ಆ ಶುಲ್ಕ ಕಡಿಮೆಯಿರುವ ಕಡೆ ಹಂಚಲು ಹಣವೇ ಇರುವುದಿಲ್ಲ. ಐರೋಪ್ಯ ಒಕ್ಕೂಟ 2015ರ ನಿಯಮದಲ್ಲಿ ಗ್ರಾಹಕರ ಕ್ರೆಡಿಟ್ ಕಾರ್ಡುಗಳಿಗೆ ಇದನ್ನು ಶೇ. 0.3ಕ್ಕೆ ಕಟ್ಟಿಹಾಕಿದ್ದರಿಂದ ಅಲ್ಲಿನ ರಿವಾರ್ಡುಗಳು ಸಣ್ಣವು. ಹಾಗಾಗಿ ನಿಯಮಪತ್ರದಲ್ಲಿ ‘ಅನ್ವಯಿಸದ ವಹಿವಾಟುಗಳು’ ಎಂಬ ಪಟ್ಟಿಯನ್ನೇ ಮೊದಲು ಓದಿ, ನಿಮ್ಮ ಕಳೆದ ಮೂರು ಸ್ಟೇಟ್‌ಮೆಂಟ್‌ಗಳಲ್ಲಿ ಆ ಪಟ್ಟಿಗೆ ಬೀಳುವ ಸಾಲುಗಳನ್ನು ಹೊಡೆದುಹಾಕಿ. ಉಳಿದದ್ದು ಮಾತ್ರ ನಿಮ್ಮ ನಿಜವಾದ ಖರ್ಚು. ಈಗಿನ ಕಾರ್ಡಿನ ‘ಎಲ್ಲದಕ್ಕೂ’ ಎಂಬ ಮಾತನ್ನೂ ಹೀಗೇ ಪರೀಕ್ಷಿಸಿ. ಅಂಗಡಿಯವರು ಕಾರ್ಡಿಗೆ ಶೇ. 2 ಹೆಚ್ಚುವರಿ ಕೇಳಿದರೆ ಶೇ. 1.5ರ ಕಾರ್ಡ್ ತೆಗೆಯಬೇಡಿ, ಬೇರೆ ರೀತಿಯಲ್ಲಿ ಕೊಡಿ. ವಿದೇಶಿ ಹಣದಲ್ಲಿ ಕೊಳ್ಳುವಾಗ ಮಾರ್ಕಪ್ (ಬ್ಯಾಂಕ್ ಮೇಲೆ ಸೇರಿಸುವ ಶುಲ್ಕ) ಶೇ. 3ರಷ್ಟಿರುವ ಕಾರ್ಡ್ ನಿಮ್ಮ ಪಾಯಿಂಟನ್ನೆಲ್ಲ ನುಂಗುತ್ತದೆ.

ಮಿತಿ ಯಾವಾಗ ಮತ್ತೆ ಶುರುವಾಗುತ್ತದೆ ಅನ್ನುವುದೂ ಗೊತ್ತಿರಲಿ. ಕೆಲವು ಕಾರ್ಡುಗಳಲ್ಲಿ 1ನೇ ತಾರೀಖು, ಕೆಲವುಗಳಲ್ಲಿ ಸ್ಟೇಟ್‌ಮೆಂಟ್ ದಿನದ ಮರುದಿನ. 31ರ ರಾತ್ರಿ ಮಾಡಿದ ಖರೀದಿ ಖಾತೆಗೆ ಬೀಳುವುದು 2ನೇ ತಾರೀಖಿಗೆ ಆದರೆ, ಕಾರ್ಡಿನ ನಿಯಮವನ್ನು ಅನುಸರಿಸಿ ಅದು ಹೊಸ ತಿಂಗಳ ಮಿತಿಯನ್ನು ತಿನ್ನಬಹುದು. ತಿಂಗಳ ಕೊನೆಯ ಎರಡು ಮೂರು ದಿನ ಹಳೆಯ ಕಾರ್ಡನ್ನೇ ಬಳಸಿದರೆ ಈ ತಲೆನೋವಿಲ್ಲ.

ಎಷ್ಟು ಕಾರ್ಡ್ ಬೇಕು? ನಿಮ್ಮ ಖರ್ಚಿಗೆ ಎರಡು ಸಾಕು ಅಂತಲೇ ನಾನು ಹೇಳುವುದು. ಮೂರನೆಯದು ಬೇಕಾದರೆ ಅದೂ ಮೇಲಿನ ಲೆಕ್ಕದಲ್ಲೇ ಪಾಸಾಗಬೇಕು: ಉಳಿದೆರಡು ಕೊಡುವುದಕ್ಕಿಂತ ಹೆಚ್ಚಿಗೆ ಏನು, ಶುಲ್ಕ ಕಳೆದು ಎಷ್ಟು. ಒಂದು ಪಾವತಿ ತಡವಾದರೆ ಬೀಳುವ ದಂಡ ಇಡೀ ತಿಂಗಳ ರಿವಾರ್ಡನ್ನು ಕಿತ್ತುಕೊಳ್ಳಬಲ್ಲದು, ಕಾರ್ಡ್ ಹೆಚ್ಚಿದಷ್ಟೂ ನೆನಪಿಡಬೇಕಾದ ತಾರೀಖುಗಳೂ ಹೆಚ್ಚು.

ಸೇರುವಾಗಿನ ಬೋನಸ್ ಇದ್ದರೆ ಅದನ್ನು ಮೊದಲ ವರ್ಷದ ಲೆಕ್ಕಕ್ಕೆ ಮಾತ್ರ ಸೇರಿಸಿ. ‘90 ದಿನದೊಳಗೆ ಇಷ್ಟು ಖರ್ಚು’ ಎಂಬ ಷರತ್ತಿನಲ್ಲಿ ದಿನ ಎಣಿಸುವುದು ಕಾರ್ಡ್ ಮಂಜೂರಾದ ದಿನದಿಂದಲೋ ಕೈಗೆ ಬಂದ ದಿನದಿಂದಲೋ ಅಂತ ಕೇಳಿಕೊಳ್ಳಿ. ವಾಪಸ್ ಮಾಡಿದ ಸಾಮಾನಿನ ಮೊತ್ತವನ್ನು ಆ ಖರ್ಚಿನ ಲೆಕ್ಕದಿಂದ ಕಳೆಯುತ್ತಾರೆ. ಹೇಗೂ ಕಟ್ಟಲೇಬೇಕಾದ ದೊಡ್ಡ ವಿಮಾ ಕಂತು ಅಥವಾ ಉಪಕರಣದ ಖರೀದಿ ಎದುರಿಗಿದ್ದು, ಅದು ಹೊರಗಿಟ್ಟ ಪಟ್ಟಿಯಲ್ಲಿ ಇಲ್ಲದಿದ್ದರೆ, ಅರ್ಜಿಯನ್ನು ಅದಕ್ಕೆ ಸರಿಯಾಗಿ ಹಾಕಿ.

ಎರಡನೇ ವರ್ಷದ ಶುಲ್ಕ ಬೀಳುವ ತಿಂಗಳ ಮುಂಚೆ ಮತ್ತೆ ಕೂತು ಲೆಕ್ಕ ನೋಡಿ. ಗಿಟ್ಟದಿದ್ದರೆ ಶುಲ್ಕ ಮನ್ನಾ ಕೇಳಿ, ಇಲ್ಲವೆಂದರೆ ಶುಲ್ಕವಿಲ್ಲದ ಕಾರ್ಡಿಗೆ ಬದಲಾಯಿಸಿಕೊಡುತ್ತಾರಾ ವಿಚಾರಿಸಿ. ಮುಚ್ಚುವುದೇ ಆದರೆ ಮೊದಲು ಪಾಯಿಂಟುಗಳನ್ನೆಲ್ಲ ಖರ್ಚು ಮಾಡಿ, ಆ ಕಾರ್ಡಿನಿಂದ ತಾನಾಗಿ ಕಡಿತವಾಗುವ ಬಿಲ್ಲುಗಳನ್ನು ಇನ್ನೊಂದಕ್ಕೆ ಹಾಕಿ, ಆಮೇಲೆ ಅರ್ಜಿ ಕೊಡಿ.