ಇಂಗ್ಲಿಷಿನ ವಿ, ಡಬ್ಲ್ಯೂ ಎರಡೂ ನಂಗೆ 'ವ' ಅಂತಲೇ ಕೇಳ್ತದೆ, ವ್ಯತ್ಯಾಸ ಎಂತ?

ನಮ್ಮ ಕನ್ನಡದಲ್ಲಿ ಇರುದು ಒಂದೇ 'ವ' ಅಲ್ವಾ ಮಾರಾಯ್ರೆ, ಹಾಗಾಗಿ ಬಳ್ಳಿಗೆ ಹೇಳುವ ವೈನೂ ಕುಡಿಯುವ ವೈನೂ ನಮ್ಮ ಬಾಯಲ್ಲಿ ಒಂದೇ ಆಗ್ತದೆ. ವ್ಯತ್ಯಾಸ ಉಂಟಲ್ಲ, ಅದು ತುಟಿಯಲ್ಲಿ. ಬಳ್ಳಿಯ ವೈನ್‌ಗೆ ವಿ, ಮೇಲಿನ ಹಲ್ಲು ಕೆಳತುಟಿಗೆ ಮೆಲ್ಲ ತಾಗ್ಬೇಕು, ಸ್ವರ ಎಳೆದ್ರೆ ತುಟಿ ಜುಂ ಅಂತದೆ. ಕುಡಿಯುವುದಕ್ಕೆ ಡಬ್ಲ್ಯೂ, ಅಲ್ಲಿ ಹಲ್ಲಿಗೆ ಕೆಲಸವೇ ಇಲ್ಲ, ಸೀಟಿ ಹೊಡೆಯುವ ಹಾಗೆ ತುಟಿ ಉರುಟು ಮಾಡಿ 'ಉ' ಅಂತ ಶುರು ಮಾಡಿ ಬೇಗ ಜಾರಿಸಿ, 'ಉಐನ್'.

ಸ್ಪೆಲಿಂಗ್ ನಂಬ್ಬೇಡಿ, ಒಂದು ಅನ್ನುವ 'ವನ್'ನಲ್ಲಿ ಡಬ್ಲ್ಯೂ ಅಕ್ಷರ ಇಲ್ಲ, ಶಬ್ದ ಮಾತ್ರ ಅದರದ್ದೇ. ನಾನು ಉಡುಪಿ-ಮಂಗಳೂರು ಬಸ್ಸಲ್ಲಿ ಕಿಟಕಿ ಗಾಜು ನೋಡ್ಕೊಂಡು ಪ್ರಾಣಿ ಡಾಕ್ಟ್ರ 'ವೆಟ್', ಒದ್ದೆಯ 'ವೆಟ್' ಅಂತ ಪ್ರಾಕ್ಟೀಸ್ ಮಾಡ್ತಿದ್ದೆ, ಪಕ್ಕದವ್ರು ಮೆಲ್ಲ ಎದ್ದು ಬೇರೆ ಸೀಟಿಗೆ ಹೋದ್ರು.