ಓದುಗರೊಡನೆ: ಬಯಕೆಯ ಬೆಲೆ ತೆರುವವರು

ಪ್ರಶ್ನೆ: ಕಾವ್ಯವಿರಲಿ, ನಾಟಕವಿರಲಿ, ಅತಿಯಾಗಿ ಬಯಸಿದ ಪಾತ್ರ ಕೊನೆಗೆ ಹಾಳಾಗುವುದನ್ನೇ ಹೆಚ್ಚಾಗಿ ಕಾಣುತ್ತೇವೆ. ಹಾಗಾದರೆ ಆಸೆ ಪಡಬಾರದೆಂದು ತಿಳಿಸುವುದೇ ಸಾಹಿತ್ಯದ ಕೆಲಸವೇ? ಅಷ್ಟು ಹೇಳಲು ಒಂದು ಸುಭಾಷಿತ ಸಾಲದೆ?
(ಒಬ್ಬ ಕಾಲೇಜು ವಿದ್ಯಾರ್ಥಿನಿ)

ಉತ್ತರ: ನಿಮ್ಮ ಮೊದಲ ಮಾತು ಎಲ್ಲ ಕಡೆಗೂ ಸಲ್ಲುವುದಿಲ್ಲ. ಸಂಸ್ಕೃತ ನಾಟಕಗಳು ಬಹುಪಾಲು ಬಯಸಿದ್ದು ಕೈಗೂಡುವಲ್ಲಿಯೇ ಮುಗಿಯುತ್ತವೆ. ದುಷ್ಯಂತ ಮರೆತರೂ ಶಕುಂತಲೆಗೆ ಕಡೆಯ ಅಂಕದಲ್ಲಿ ಅವನು ಮತ್ತೆ ಸಿಗುತ್ತಾನೆ. ಎರಡನೆಯ ಮಾತನ್ನು ಮಾತ್ರ ಗಂಭೀರವಾಗಿ ತೆಗೆದುಕೊಳ್ಳಬೇಕು. ಸುಭಾಷಿತ ಸಾಕಾಗುವುದಾದರೆ ಅದು ಆಗಲೇ ಇದೆ. ಮಹಾಭಾರತದ ಆದಿಪರ್ವದಲ್ಲಿ ಯಯಾತಿಯೇ ಅದನ್ನು ಆಡುತ್ತಾನೆ: ಭೋಗದಿಂದ ಕಾಮ ತಣಿಯದು, ಹವಿಸ್ಸು ಬಿದ್ದ ಬೆಂಕಿಯಂತೆ ಇನ್ನಷ್ಟು ಬೆಳೆಯುತ್ತದೆ. ಈ ಮಾತಾಡುವ ಅಧಿಕಾರ ಅವನಿಗೆ ಹೇಗೆ ಬಂತೆಂಬುದನ್ನು ನೋಡಿ. ಶುಕ್ರಾಚಾರ್ಯರ ಶಾಪದಿಂದ ಮುಪ್ಪು ಅಡರಿದಾಗ ಅದನ್ನು ಮಕ್ಕಳಿಗೆ ಹೊರಿಸಲು ನೋಡಿ, ನಾಲ್ವರು ಒಲ್ಲೆನೆಂದ ಮೇಲೆ ಕಿರಿಯವನಾದ ಪೂರುವಿನ ಯೌವನವನ್ನು ಪಡೆದು, ಸಾವಿರ ವರ್ಷ ಸುಖಿಸಿದ ಬಳಿಕ ಹುಟ್ಟಿದ ವೈರಾಗ್ಯ ಅದು. ವಿವೇಕ ತಂದೆಗೆ ದಕ್ಕಿತು, ಅದರ ಖರ್ಚನ್ನು ಮಗ ಭರಿಸಿದ. ಪುರಾಣ ಪೂರುವಿಗೆ ರಾಜ್ಯ ಕೊಡಿಸಿ ಲೆಕ್ಕ ಚುಕ್ತಾ ಮಾಡುತ್ತದೆ.

ಗಿರೀಶ ಕಾರ್ನಾಡರು 1961ರ ‘ಯಯಾತಿ’ಯಲ್ಲಿ ಆ ಲೆಕ್ಕವನ್ನು ಮತ್ತೆ ತೆರೆದರು. ಅವರು ಪೂರುವಿಗೆ ಚಿತ್ರಲೇಖೆಯೆಂಬ ಹೆಂಡತಿಯನ್ನು ಕೊಟ್ಟರು. ಗಂಡನ ಯೌವನ ಮಾವನ ಪಾಲಾದದ್ದನ್ನು ತಿಳಿದ ಅವಳು ಮುಪ್ಪಡರಿದ ಗಂಡನ ಮುಖವನ್ನು ನೋಡಲಾರದೆ ತತ್ತರಿಸುತ್ತಾಳೆ; ಮಗನ ಯೌವನವನ್ನು ಪಡೆದವನು ಅದರೊಡನೆ ಬಂದ ಹೊಣೆಯನ್ನೂ ಹೊರಬೇಕೆಂದು ಯಯಾತಿಯ ಎದುರಿಗೇ ನಿಂತು ಕೇಳುತ್ತಾಳೆ; ಕೊನೆಗೆ ವಿಷ ಕುಡಿಯುತ್ತಾಳೆ. ಯಯಾತಿ ಮುಪ್ಪನ್ನು ಹಿಂದಕ್ಕೆ ಪಡೆಯುವುದು ಅವಳು ಸತ್ತ ಮೇಲೆ. ಸಾವಿರ ವರ್ಷಗಳ ಭೋಗ ಕಲಿಸಿದ್ದನ್ನು ಇಲ್ಲಿ ಒಂದು ಹೆಣ ಕಲಿಸುತ್ತದೆ. ಸುಭಾಷಿತದಲ್ಲಿ ಚಿತ್ರಲೇಖೆಗೆ ಜಾಗವಿಲ್ಲ. ನಾಟಕಕ್ಕೆ ಅವಳು ಬೇಕೇಬೇಕು. ಬಯಕೆ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಪು ಕೊಡುವ ಕೃತಿಗಳು ನನ್ನ ಮಟ್ಟಿಗೆ ಬೇಗ ಹಳಸುತ್ತವೆ. ಒಬ್ಬರ ಬಯಕೆಯ ಬೆಲೆಯನ್ನು ತೆರುವವರು ಯಾರು, ಅವರನ್ನು ಯಾರಾದರೂ ಒಂದು ಮಾತು ಕೇಳಿದರೇ ಎಂದು ವಿಚಾರಿಸುವ ಕೃತಿಗಳೇ ಉಳಿಯುತ್ತವೆ.

‘ಮ್ಯಾಕ್‌ಬೆತ್’ ನಾಟಕವನ್ನೂ ಹೀಗೆಯೇ ಓದಬಹುದು. ಶೇಕ್ಸ್‌ಪಿಯರನ ಈ ನಾಟಕದ ನಾಯಕ ಬಯಸಿದ ಸಿಂಹಾಸನ ಐದು ಅಂಕಗಳಲ್ಲಿ ಎರಡು ಮುಗಿಯುವ ಹೊತ್ತಿಗೇ ಅವನದಾಗಿರುತ್ತದೆ. ಬಯಕೆ ಈಡೇರುವುದಷ್ಟೇ ಕಥೆಯಾಗಿದ್ದರೆ ಉಳಿದ ಮೂರು ಅಂಕಗಳು ಬೇಕಿರಲಿಲ್ಲ. ಆ ಮೂರರಲ್ಲಿ ಗೆಳೆಯ ಬ್ಯಾಂಕೊ, ಮ್ಯಾಕ್‌ಡಫ್‌ನ ಹೆಂಡತಿ, ಅವಳ ಮಕ್ಕಳು ಒಬ್ಬೊಬ್ಬರಾಗಿ ಬೆಲೆ ತೆರುತ್ತಾರೆ. ಅವರಲ್ಲಿ ಯಾರೂ ಆ ಸಿಂಹಾಸನವನ್ನು ಕೇಳಿದವರಲ್ಲ.

ಪ್ರಶ್ನೆ: ಹವ್ಯಾಸಿ ತಂಡವೊಂದಕ್ಕೆ ನಾಟಕ ಬರೆಯುತ್ತಿದ್ದೇನೆ. ನಾಯಕಿಯ ಬಯಕೆಯನ್ನು ದೀರ್ಘವಾದ ಸ್ವಗತದಲ್ಲಿ ಬರೆದಿದ್ದೇನೆ. ಓದುವಾಗ ಚೆನ್ನಾಗಿ ಕಾಣುವ ಆ ಭಾಗ ತಾಲೀಮಿನಲ್ಲಿ ಸಪ್ಪೆಯಾಗುತ್ತಿದೆ. ಏನು ಮಾಡಲಿ?
(ಒಬ್ಬ ರಂಗಾಸಕ್ತರು)

ಉತ್ತರ: ಸ್ವಗತವನ್ನು ತೆಗೆದುಹಾಕಿ ಎನ್ನುವ ಮೊದಲು ಒಂದು ಹಳೆಯ ದೃಶ್ಯವನ್ನು ನೆನಪಿಸುತ್ತೇನೆ. ಕ್ರಿಸ್ತಪೂರ್ವ 428ರಲ್ಲಿ ಅಥೆನ್ಸಿನಲ್ಲಿ ಪ್ರದರ್ಶನಗೊಂಡ ಯೂರಿಪಿಡೀಸನ ‘ಹಿಪೊಲಿಟಸ್’ನಲ್ಲಿ ರಾಣಿ ಫೀಡ್ರಾ ತನ್ನ ಗಂಡನ ಮಗನಲ್ಲಿ ಮೋಹಗೊಂಡಿದ್ದಾಳೆ. ಪ್ರೇಕ್ಷಕರಿಗೆ ಇದು ಮೊದಲೇ ಗೊತ್ತು. ಆದರೆ ರಂಗದ ಮೇಲೆ ಬರುವ ಫೀಡ್ರಾ ಅನ್ನ ಬಿಟ್ಟು ಸಾಯಲು ಹೊರಟವಳು. ಬಾಯಿ ಬಿಡಬಾರದೆಂಬುದೇ ಅವಳ ಹಟ. ಸಾಕಿದ ದಾದಿ ಕಾಡಿಬೇಡಿ, ಕಾಲಿಗೆ ಬಿದ್ದು, ಮಾತಿನ ಮಧ್ಯೆ ಅರಿಯದೆ ಆ ಯುವಕನ ಹೆಸರೆತ್ತುತ್ತಾಳೆ, ಫೀಡ್ರಾ ಬೆಚ್ಚುತ್ತಾಳೆ. ಕೊನೆಗೆ ನಿಜ ಹೊರಬಿದ್ದಾಗಲೂ ಆ ಹೆಸರನ್ನು ನುಡಿಯುವವಳು ದಾದಿ. ಹೇಳಿದವಳು ನೀನು, ನಾನಲ್ಲ ಎಂಬರ್ಥದ ಮಾತನ್ನಾಡಿ ಫೀಡ್ರಾ ಜಾರಿಕೊಳ್ಳುತ್ತಾಳೆ. ಬಯಕೆಯನ್ನು ಬಣ್ಣಿಸುವ ಪಾತ್ರಕ್ಕಿಂತ ಅದನ್ನು ಮುಚ್ಚಿಡಲು ಹೆಣಗುವ ಪಾತ್ರಕ್ಕೆ ನಟಿಯಾದವಳು ಮಾಡಬಹುದಾದ ಕೆಲಸ ಹೆಚ್ಚು. ನಿಮ್ಮ ನಾಯಕಿ ಒಬ್ಬಳೇ ನಿಂತು ಮಾತನಾಡುತ್ತಿರುವಾಗ ಅವಳನ್ನು ತಡೆಯುವವರಾಗಲಿ, ಕೆಣಕುವವರಾಗಲಿ ಅಲ್ಲಿ ಇಲ್ಲ.

ನಾಟ್ಯಶಾಸ್ತ್ರವು ನಾಟಕದ ಕಾರ್ಯಕ್ಕೆ ಪ್ರಾರಂಭ, ಪ್ರಯತ್ನ, ಪ್ರಾಪ್ತ್ಯಾಶಾ, ನಿಯತಾಪ್ತಿ, ಫಲಾಗಮ ಎಂಬ ಐದು ಅವಸ್ಥೆಗಳನ್ನು ಹೇಳುತ್ತದೆ. ಫಲಕ್ಕಾಗಿ ಹುಟ್ಟುವ ಔತ್ಸುಕ್ಯದಿಂದ ಮೊದಲುಗೊಂಡು ಫಲ ಕೈಸೇರುವವರೆಗಿನ ಈ ದಾರಿಯನ್ನು ಲಕ್ಷಣಗ್ರಂಥಗಳ ಒಣ ಪಟ್ಟಿಯೆಂದು ತಳ್ಳಿಬಿಡಬೇಡಿ. ನಡುವಿನ ಅವಸ್ಥೆ, ಅಂದರೆ ಸಿಕ್ಕೀತೆಂಬ ಆಸೆಗೆ ಸಿಗದೇ ಹೋದೀತೆಂಬ ಅಳುಕು ಸೇರಿಕೊಂಡಿರುವ ಘಟ್ಟ, ನಿಮ್ಮ ಬರವಣಿಗೆಯಲ್ಲಿ ಇದೆಯೇ ಎಂದು ನೋಡಿಕೊಳ್ಳಿ. ನೀವು ವಿವರಿಸಿದ ಸ್ವಗತದಲ್ಲಿ ಔತ್ಸುಕ್ಯ ಮಾತ್ರ ಇದ್ದಂತೆ ತೋರುತ್ತದೆ.

ಇದಕ್ಕೆ ವಿರುದ್ಧವಾದ ದಾರಿಯೂ ಉಂಟು, ಅದು ಕಷ್ಟದ್ದು. ಚೆಕಾಫನ ‘ಮೂವರು ಸೋದರಿಯರು’ ನಾಟಕದಲ್ಲಿ ಅಕ್ಕತಂಗಿಯರು ಮಾಸ್ಕೋಗೆ ಹೋಗಬೇಕೆಂದು ಹಂಬಲಿಸುತ್ತಾರೆ. ಅವರನ್ನು ತಡೆಯುವ ಶತ್ರುವಾಗಲಿ ಶಾಪವಾಗಲಿ ಇಲ್ಲ, ಆದರೂ ಹೋಗುವುದಿಲ್ಲ. 1901ರಲ್ಲಿ ಈ ನಾಟಕ ಮೊದಲು ರಂಗಕ್ಕೆ ಬಂದದ್ದು ಮಾಸ್ಕೋದ ಆರ್ಟ್ ಥಿಯೇಟರಿನಲ್ಲಿ. ಆ ಹಂಬಲವನ್ನು ಮಾಸ್ಕೋದಲ್ಲಿಯೇ ಕುಳಿತು ನೋಡಿದ ಪ್ರೇಕ್ಷಕರಿಗೆ ತಮ್ಮ ಊರು ಹೇಗೆ ಕಂಡಿರಬೇಕು! ಬಯಕೆ ಕ್ರಿಯೆಯಾಗದೆ ಮಾತಾಗಿಯೇ ಉಳಿಯುವುದು ಅಲ್ಲಿ ನಾಟಕದ ವಸ್ತು, ನಾಟಕಕಾರನ ಸೋಲಲ್ಲ. ಮೊದಲ ನಾಟಕದಲ್ಲಿ ಇದನ್ನು ಅನುಕರಿಸಬೇಡಿರೆಂದು ನನ್ನ ಸಲಹೆ.

ಪ್ರಶ್ನೆ: ಗಂಡಿನ ಬಯಕೆ ಸಾಹಸವೆನಿಸಿಕೊಳ್ಳುತ್ತದೆ, ಹೆಣ್ಣಿನದು ಅಪರಾಧವಾಗುತ್ತದೆ. ದೊಡ್ಡ ಕವಿಗಳೂ ಇದನ್ನು ಮೀರಲಿಲ್ಲವೇ?
(ಒಬ್ಬ ನಿವೃತ್ತ ಅಧ್ಯಾಪಕಿ)

ಉತ್ತರ: ಕಥೆಯ ಚೌಕಟ್ಟಿನಲ್ಲಿ ಹೆಚ್ಚಿನವರು ಮೀರಲಿಲ್ಲ, ಪದ್ಯಗಳಲ್ಲಿ ಕೆಲವರು ಮೀರಿದರು. ಜನ್ನನ ‘ಯಶೋಧರ ಚರಿತೆ’ಯ ಅಮೃತಮತಿಯನ್ನೇ ತೆಗೆದುಕೊಳ್ಳಿ. 1209ರ ಈ ಜೈನಕಾವ್ಯದ ಗುರಿ ಸಂಕಲ್ಪಹಿಂಸೆಯ, ಅಂದರೆ ಮನಸ್ಸಿನಲ್ಲಿ ಎಣಿಸಿದ ಹಿಂಸೆಯ, ಫಲವನ್ನು ತೋರಿಸುವುದು, ಅದರಲ್ಲಿ ರಾಣಿ ಪಾಪಿಷ್ಠೆ, ಸಂಶಯವಿಲ್ಲ. ಆದರೂ ಇರುಳಿನಲ್ಲಿ ಮಾವುತನ ಹಾಡು ಅವಳ ಕಿವಿಗೆ ಬೀಳುವುದನ್ನು, ಅವನ ಕುರೂಪವನ್ನು ಕೇಳಿಯೂ ಮನಸ್ಸು ಹಿಂದೆಗೆಯದಿರುವುದನ್ನು ಬರೆಯುವಾಗ ಕವಿಯ ಲೇಖನಿ ಧರ್ಮೋಪದೇಶವನ್ನು ಮರೆತಿದೆ. ತಡವಾಗಿ ಬಂದದ್ದಕ್ಕೆ ಮಾವುತ ಹೊಡೆದರೆ ಸಹಿಸಿಕೊಳ್ಳುವ ಅವಳು, ಮರುದಿನ ಅರಸ ಸರಸಕ್ಕೆಂದು ನೆಯ್ದಿಲ ಹೂವಿನಿಂದ ಹೊಡೆದಾಗ ಮೂರ್ಛೆ ಹೋಗುತ್ತಾಳೆ. ಇದನ್ನು ಅವಳ ಕಪಟವೆಂದು ಓದಿಕೊಂಡರೂ, ಬಯಕೆ ಇರುವ ಕಡೆ ಪೆಟ್ಟು ಹಗುರವಾಗಿ, ಇಲ್ಲದ ಕಡೆ ಹೂವೂ ಭಾರವಾಗುವುದನ್ನು ಇಷ್ಟು ನಿರ್ದಯವಾಗಿ ಕಂಡವರು ವಿರಳ.

ಪಾತ್ರವನ್ನು ದಂಡಿಸದ ಲೇಖಕನನ್ನು ದಂಡಿಸಲು ಹೊರಟ ಉದಾಹರಣೆಯೂ ಇದೆ. ‘ಮದಾಮ್ ಬೊವಾರಿ’ ಕಾದಂಬರಿಗಾಗಿ 1857ರಲ್ಲಿ ಫ್ಲಾಬೆರ್‌ನ ಮೇಲೆ ಮೊಕದ್ದಮೆ ನಡೆಯಿತು. ಗಂಡನಿದ್ದೂ ಪರಪುರುಷರನ್ನು ಬಯಸಿದ ನಾಯಕಿ ಎಮ್ಮಾಳನ್ನು ಖಂಡಿಸಬಲ್ಲ ಒಂದು ಪಾತ್ರವೂ ಪುಸ್ತಕದಲ್ಲಿ ಇಲ್ಲವೆಂಬುದು ಸರ್ಕಾರಿ ವಕೀಲರ ಮುಖ್ಯ ಆಕ್ಷೇಪಗಳಲ್ಲಿ ಒಂದು. ಅವಳು ವಿಷ ತಿಂದು ನರಳಿ ಸಾಯುವುದು ಅವರಿಗೆ ಸಾಲಲಿಲ್ಲ. ನ್ಯಾಯಾಲಯ ಲೇಖಕನನ್ನು ಬಿಡುಗಡೆ ಮಾಡಿತು.

ಪ್ರಶ್ನೆ: ವಚನಕಾರರು ಆಸೆಯನ್ನು ಗೆದ್ದವರು. ಅವರ ವಚನಗಳನ್ನು ಬಯಕೆಯ ಸಾಹಿತ್ಯವೆಂದು ಕರೆಯಬಹುದೇ?
(ಒಬ್ಬ ಓದುಗರು)

ಉತ್ತರ: ಧಾರಾಳವಾಗಿ ಕರೆಯಬಹುದು. ಹೊನ್ನು, ಹೆಣ್ಣು, ಮಣ್ಣುಗಳನ್ನು ಒಂದೊಂದಾಗಿ ಆರೋಪದಿಂದ ಬಿಡಿಸಿ ‘ಮನದ ಮುಂದಣ ಆಸೆಯೇ ಮಾಯೆ’ ಎಂದ ಅಲ್ಲಮ, ತಪ್ಪನ್ನು ಬಯಸಲ್ಪಟ್ಟ ವಸ್ತುವಿನಿಂದ ಬಯಸುವವನ ಕಡೆಗೆ ತಿರುಗಿಸಿದ. ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನು ಕರೆಯುವ ನುಡಿಯಾದರೋ ವಿರಹಿಣಿಯದೇ. ಈ ಇಬ್ಬರೂ ಮುಖಾಮುಖಿಯಾಗುವ ವಚನಕಾರರ ಸಂವಾದಗಳನ್ನು ಹೆಣೆದ ಕೃತಿಯಾದ ಶೂನ್ಯಸಂಪಾದನೆಯ ಪ್ರಸಂಗವನ್ನು ನಾಟಕವೆಂದೇ ಓದಿ ನೋಡಿ. ಸೀರೆಯನ್ನು ಬಿಟ್ಟವಳು ಕೂದಲಿನಿಂದ ಮೈ ಮರೆಸಿಕೊಂಡದ್ದೇಕೆಂದು ಅಲ್ಲಮ ಕೇಳುತ್ತಾನೆ. ಕಾಮನ ಮುದ್ರೆಯನ್ನು ಕಂಡು ನಿಮಗೆ ನೋವಾದೀತೆಂದು ಮುಚ್ಚಿಕೊಂಡೆ ಎಂಬುದು ಅವಳ ಉತ್ತರ. ತನ್ನ ಬಯಕೆಯನ್ನು ಕುರಿತ ವಿಚಾರಣೆಯನ್ನು ಅವಳು ಅಲ್ಲಿ ನೆರೆದು ನೋಡುತ್ತಿದ್ದವರ ಬಯಕೆಯ ವಿಚಾರಣೆಯಾಗಿಸಿಬಿಡುತ್ತಾಳೆ.