ಬ್ಲಾಗ್‌ನಿಂದ ನಿಜವಾಗಿ ಏನಾದರೂ ಬದಲಾಗಿದೆಯಾ?

ಬ್ಲಾಗ್ ಬರೆಯುವವರಿಂದ ಪತ್ರಿಕೆ, ವ್ಯಾಪಾರ, ರಾಜಕೀಯ ಬದಲಾಗಿದೆಯಾ, ಇಲ್ಲ ಅದೆಲ್ಲ ಸುಮ್ನೆ ಮಾತಾ ಎಂದು ಕೇಳಿದ್ದೀರಿ. ನಾನು ಕಾಸರಗೋಡಿನ ಪೆರ್ಲ ಕಡೆಯವನು. ಹತ್ತು ವರ್ಷ ಬ್ಲಾಗ್ ಬರೆದಿದ್ದೇನೆ. ಒಂದು ಬರಹವನ್ನು ಇನ್ನೂರಕ್ಕಿಂತ ಜಾಸ್ತಿ ಜನ ಓದಿದ್ದು ಒಂದೇ ಸಲ.

ಆ ಒಂದು ಸಲದ ಕತೆ ಕೇಳಿ. ಇಲ್ಲಿನ ಒಂದು ಕಚೇರಿಯಲ್ಲಿ ಅರ್ಜಿ ಫಾರ್ಮ್ ಬರೀ ಮಲಯಾಳದಲ್ಲಿತ್ತು. ನನ್ನ ಅಮ್ಮನಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ತಿರುವನಂತಪುರದವರಿಗೆ ಇದು ಸುದ್ದಿಯೇ ಅಲ್ಲ, ಬೆಂಗಳೂರಿನವರಿಗೆ ಪಕ್ಕದ ರಾಜ್ಯದ ಸುದ್ದಿ. ಹಾಗಾಗಿ ಫಾರ್ಮಿನ ಫೋಟೋ ಹಾಕಿ ನಾನೇ ಬರೆದೆ. ಎರಡು ದಿನಕ್ಕೆ ಒಂದು ಪತ್ರಿಕೆಯಲ್ಲಿ ಅದೇ ಬಂತು, ನನ್ನ ವಾಕ್ಯಗಳ ಸಮೇತ, ಹೆಸರು ಮಾತ್ರ ಬಿಟ್ಟು! ಸಿಟ್ಟು ಬಂತು. ಮುಂದಿನ ತಿಂಗಳು ಕನ್ನಡ ಫಾರ್ಮ್ ಬಂದಾಗ ಇಳಿಯಿತು. (ಅದರಲ್ಲಿ ಏಳು ಕಾಗುಣಿತ ತಪ್ಪು. ಅದೂ ಒಂದು ಬರಹವಾಯಿತು.)

ದೊಡ್ಡ ಉದಾಹರಣೆ ಬೇಕಾದರೆ 2004ರದ್ದು. ಅಧ್ಯಕ್ಷ ಬುಷ್ ಅವರ ಸೇನಾ ಸೇವೆಯ ಬಗ್ಗೆ 1970ರ ದಶಕದ ಕಾಗದಗಳು ಎಂದು ಅಮೆರಿಕದ ಸಿಬಿಎಸ್ ಚಾನೆಲ್ ಕೆಲವನ್ನು ತೋರಿಸಿತು. ಅಕ್ಷರದ ಅಂದ ನೋಡಿ ಬ್ಲಾಗಿನವರು ಹಿಡಿದರು: ಇದು ಟೈಪ್‌ರೈಟರಿನದ್ದಲ್ಲ, ಕಂಪ್ಯೂಟರಿನ ಹಾಗಿದೆ ಎಂದು. ಕಾಗದ ಅಸಲಿ ಎಂದು ಸಾಬೀತು ಮಾಡಲು ಆಗದು ಎಂದು 12 ದಿನದಲ್ಲಿ ಚಾನೆಲ್ಲೇ ಒಪ್ಪಿತು. ಯಾವ ಸುದ್ದಿಯೇ ಇರಲಿ, ಬರೆದವನಿಗಿಂತ ಅದು ಚೆನ್ನಾಗಿ ಗೊತ್ತಿರುವವನು ಓದುಗರಲ್ಲಿ ಒಬ್ಬ ಇದ್ದೇ ಇರುತ್ತಾನೆ ಅಲ್ವಾ? ಮೊದಲು ಅವನು ಮನೆಯಲ್ಲೇ ಗೊಣಗುತ್ತಿದ್ದ.

ನಮ್ಮ ಅಡಿಕೆ ತೋಟದವರಿಗೆ ಇದು ಹೊಸತೇನಲ್ಲ. 1988ರಲ್ಲಿ ಪುತ್ತೂರಿನಿಂದ ಶುರುವಾದ ಅಡಿಕೆ ಪತ್ರಿಕೆ, ಕೃಷಿಕರ ಕೈಗೇ ಲೇಖನಿ ಕೊಟ್ಟಿತ್ತು. ಅದನ್ನು ಕಟ್ಟಿದ ಶ್ರೀಪಡ್ರೆ ನಮ್ಮ ಊರ ಕಡೆಯವರೇ. ಇಂಟರ್ನೆಟ್ ಇಲ್ಲದ ಬ್ಲಾಗ್ ಎನ್ನಿ ಬೇಕಾದರೆ.

ವ್ಯಾಪಾರ? ಪಕ್ಕದ ಮನೆಯ ಅಕ್ಕ ಹಲಸಿನ ಹಪ್ಪಳ ಮಾಡುವ ಬಗೆ ಬರೆದರು, ಯಾವ ಮರದ ಹಲಸು ಎನ್ನುವುದನ್ನೂ ಬಿಡದೆ. ಈಗ ಬೆಂಗಳೂರಿಗೆ ಕೊರಿಯರ್ ಹೋಗುತ್ತದೆ. ರಾಜಕೀಯದ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಪಕ್ಷಗಳೇ ದುಡ್ಡು ಕೊಟ್ಟು ಬರೆಸುವಾಗ ಯಾವುದು ಜನರ ಮಾತು ಎಂದು ಹೇಳುವುದು ಕಷ್ಟ.

ಈಗ ಎಲ್ಲರೂ ವಾಟ್ಸಾಪಿಗೆ ಹೋಗಿದ್ದಾರೆ. ಅಲ್ಲಿ ಇವತ್ತು ಬರೆದದ್ದನ್ನು ನಾಳಿದ್ದು ಹುಡುಕಿದರೆ ಸಿಗುವುದಿಲ್ಲ. ನನ್ನ ಆ ಹಳೇ ಬರಹ ಮಾತ್ರ ಇನ್ನೂ ಅಲ್ಲೇ ಇದೆ. ಮೊನ್ನೆ ಬದಿಯಡ್ಕದಿಂದ ಒಬ್ಬರು ಅದನ್ನು ಓದಿ ಫೋನ್ ಮಾಡಿದ್ದರು: "ಆ ಕನ್ನಡ ಫಾರ್ಮ್ ಯಾವ ಕೌಂಟರಿನಲ್ಲಿ ಕೊಡುತ್ತಾರೆ ಮಾರಾಯ್ರೇ?"